ಸೀರೆ ಹೇಳಿದ ವಯಸ್ಸು

ಮಕ್ಕಳ ಹಕ್ಕುಗಳ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ತರಬೇತಿ ಕೊಟ್ಟವರು ಒಂದು ಮಾತನ್ನು ಒತ್ತಿ ಹೇಳಿದ್ದರು. ಇದು ಗಂಭೀರವಾದ ಕೆಲಸ, ಜನರ ಮುಂದೆ ನಗಬಾರದು ಎಂದು. ನಾನೂ ಹೂಂ ಎಂದು ತಲೆಯಾಡಿಸಿ ಬಂದೆ. ಆದರೆ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನವರು ಬಿಟ್ಟರೆ ತಾನೆ! ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಊರುಗಳಲ್ಲಿ ಬಸ್ಸು ಹತ್ತಿ ಇಳಿದ ನಾನು ನಗದೆ ಮನೆಗೆ ಬಂದ ದಿನಗಳು ಬೆರಳೆಣಿಕೆಯಷ್ಟು. ಅಳುತ್ತ ಬಂದ ದಿನಗಳೂ ಇದ್ದವು. ಎಷ್ಟೋ ಸಲ ಎರಡೂ ಒಂದೇ ದಿನ ಆಗುತ್ತಿತ್ತು.

ಈಗ ಕೆಲಸ ಬಿಟ್ಟು ಚಳ್ಳಕೆರೆಯ ಮನೆಯಲ್ಲಿ ಕೂತಿದ್ದೇನೆ. ಹೋದ ವಾರ ಮೊಳಕಾಲ್ಮುರು ಕಡೆಯಿಂದ ಒಂದು ಲಗ್ನಪತ್ರಿಕೆ ಬಂತು. ನಿಜಕ್ಕೂ ಅದು ಹತ್ತು ವರ್ಷದ ಹಿಂದೆಯೇ ಅಚ್ಚಾಗಿ ಹಂಚಿಹೋಗಬೇಕಿತ್ತು. ಆಗ ವಧುವಿಗೆ ಹದಿನೈದು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದ ಹುಡುಗಿ. ಆ ಪತ್ರಿಕೆ ಹತ್ತು ವರ್ಷ ತಡವಾದದ್ದು ಹೇಗೆ ಅನ್ನುವುದನ್ನು ಹೇಳಬೇಕು ಅಂತಲೇ ಬರೆಯಲು ಕೂತಿದ್ದು. ಆದರೆ ನಮ್ಮ ಕಡೆಯವರು ಯಾರ ಮನೆಗೆ ಹೊರಟರೂ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡೇ ಹೋಗುವುದು. ನಾನೂ ಹಾಗೇ ಹೋಗುತ್ತೇನೆ.

ತಳಕಿನವರ ಸಹಿ

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ನನ್ನ ರೆಕ್ಸಿನ್ ಚೀಲದಲ್ಲಿ ಒಂದು ತೆಳು ಪುಸ್ತಕ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿದ್ದು. ಹದಿನೆಂಟರೊಳಗಿನ ಎಲ್ಲರೂ ಮಕ್ಕಳೇ, ಅವರಿಗೆ ಓದುವ, ಆಡುವ, ತಮ್ಮ ಮಾತು ಹೇಳುವ ಹಕ್ಕಿದೆ ಎಂದು ಊರೂರಿಗೆ ತಿಳಿಸುವುದು ನನ್ನ ಪಾಲಿಗೆ ಬಂದಿತ್ತು.

ತಳಕಿನಲ್ಲಿ ಬಸ್ಸಿಳಿದು ಒಂದು ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ಪುಸ್ತಕ ಬಿಚ್ಚಿದೆ. ಪ್ರಪಂಚದ ಹೆಚ್ಚೂ ಕಡಿಮೆ ಎಲ್ಲಾ ದೇಶಗಳೂ ಇದಕ್ಕೆ ಸಹಿ ಹಾಕಿವೆ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಕೈಯಲ್ಲಿ ಕೋಲು ಹಿಡಿದಿದ್ದ ಒಬ್ಬ ಅಜ್ಜ ಕೇಳಿದರು:

“ನಮ್ಮೂರಿಂದ ಯಾರು ಹಾಕ್ಯಾರೆ?”

“ಊರೂರಿಂದ ಹಾಕೋದಲ್ಲ ಅಜ್ಜ. ದೇಶದ ಪರವಾಗಿ ದಿಲ್ಲಿಯವರು ಹಾಕ್ತಾರೆ.”

“ದಿಲ್ಲಿಯೋರು ಹಾಕಿದ್ರೆ ದಿಲ್ಲಿ ಹುಡುಗ್ರಿಗೆ ಆತು. ನಮ್ ಹುಡುಗ್ರಿಗೆ ನಾವು ಹಾಕಬ್ಯಾಡ್ವಾ? ಕೊಡವ್ವ ಪೆನ್ನು.”

ಪೆನ್ನು ಕೊಟ್ಟೆ. ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಕಟ್ಟೆಯಲ್ಲಿದ್ದವರೆಲ್ಲ ಸಹಿ ಹಾಕಿದರು. ಸಹಿ ಬಾರದವರು ಪಕ್ಕದ ಅಂಗಡಿಯಿಂದ ಶಾಯಿ ತರಿಸಿ ಹೆಬ್ಬೆಟ್ಟು ಒತ್ತಿದರು. ಕೋಲಿನ ಅಜ್ಜ ಮಾತ್ರ ಪೆನ್ನನ್ನು ತಿರುಗಿ ನನ್ನ ಕೈಗೇ ಕೊಟ್ಟರು.

“ಬರ್ಕಾ ಮೊದ್ಲು. ಎಲ್ಲಾ ಒಪ್ಪೈತೆ. ಮಕ್ಕಳನ್ನ ಹೊಡೀಬಾರ್ದು ಅಂತ ಐತಲ್ಲ, ಅದೊಂದು ನನ್ನ ಕಿರಿ ಮೊಮ್ಮಗನಿಗೆ ಲಾಗೂ ಆಗಲ್ಲ. ಅವನನ್ನ ನೀ ನೋಡಿಲ್ಲ.”

ಅದನ್ನೂ ಬರೆದೆ, ಅದರ ಕೆಳಗೆ ಅಜ್ಜ ಸಹಿ ಹಾಕಿದರು. ಮೇಲಿನವರು ನೋಡಿದರೆ ಬೈಯುತ್ತಾರೆಂದು ಹೆದರಿಕೊಂಡೇ ಮುಂದಿನ ತರಬೇತಿಗೆ ಹೋದೆ. ಅವರು ಹಾಳೆ ನೋಡಿ, ನಗಬಾರದೆಂದು ಹೇಳಿದ್ದ ಅದೇ ಮನುಷ್ಯ, ಬಿದ್ದು ಬಿದ್ದು ನಕ್ಕರು. ದೊಡ್ಡ ದೊಡ್ಡ ದೇಶಗಳೇ ಎಲ್ಲಾ ಒಪ್ಪಿಗೆ, ಇದೊಂದು ಬಿಟ್ಟು ಎಂದು ಷರತ್ತು ಬರೆದು ಸಹಿ ಹಾಕಿವೆಯಂತೆ.

ಆರು ತಿಂಗಳ ಮೇಲೆ ಮತ್ತೆ ತಳಕಿಗೆ ಹೋದಾಗ ಆ ಮೊಮ್ಮಗನನ್ನು ನೋಡಿದೆ. ಮೂರು ವರ್ಷದವನು. ಅಜ್ಜನ ಕೋಲು ಅವನ ಕೈಯಲ್ಲಿತ್ತು. ಅಜ್ಜ ಮುಂದೆ ಮುಂದೆ ಓಡುತ್ತಿದ್ದರು.

ಬೀಗದ ಕೈ

ಮೊಳಕಾಲ್ಮುರಿನ ಹತ್ತಿರ ಮಗ್ಗದ ಮನೆಗಳೇ ಹೆಚ್ಚಿರುವ ಒಂದು ಊರು. ಅಲ್ಲಿ ಪಂಚಾಯ್ತಿಯವರು ಮಕ್ಕಳ ಗ್ರಾಮಸಭೆ ಕರೆದಿದ್ದರು. ವರ್ಷಕ್ಕೊಮ್ಮೆ ಮಕ್ಕಳು ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಕೊಡಬೇಕು. ಕೇಳಲು ಚೆನ್ನಾಗಿದೆ. ನಡೆಯುವುದು ಹೀಗೆ: ಮಕ್ಕಳು ಕೇಳುತ್ತಾರೆ, ಅಧ್ಯಕ್ಷರು “ಪರಿಶೀಲಿಸ್ತೀವಿ” ಅನ್ನುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ.

ಆ ದಿನ ಹತ್ತು ವರ್ಷದ ಒಂದು ಹುಡುಗಿ ಎದ್ದು ನಿಂತಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬೆರಳಿಗೆ ರೇಷ್ಮೆಯ ಕೆಂಪು ಬಣ್ಣ ಹತ್ತಿತ್ತು. ಇವಳೇ ನಮ್ಮ ಲಗ್ನಪತ್ರಿಕೆಯ ಹುಡುಗಿ. ನಾನು ಅವಳನ್ನು ನೋಡಿದ್ದು ಅದೇ ಮೊದಲು.

“ಸಾರ್, ಶಾಲೇಲಿ ಹುಡುಗೀರ ಶೌಚಾಲಯಕ್ಕೆ ಯಾವಾಗ್ಲೂ ಬೀಗ ಹಾಕಿರ್ತೈತೆ. ಯಾಕೆ?”

“ಪರಿಶೀಲಿಸ್ತೀವಮ್ಮ.”

“ಹೋದ ವರ್ಷಾನೂ ಹಂಗೇ ಅಂದ್ರಿ ಸಾರ್. ಬೀಗ ಐತೋ ಇಲ್ವೋ ಅಂತ ನೋಡಾಕೆ ಒಂದು ವರ್ಷ ಬೇಕಾ?”

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಕೆಟ್ಟವರಲ್ಲ, ಸ್ವಲ್ಪ ಸೋಮಾರಿ ಅಷ್ಟೆ. ಅವರು ಮುಖ್ಯೋಪಾಧ್ಯಾಯರನ್ನು ಕೇಳೋಣವೆಂದರು. ಸಾಹೇಬರು ಯಾರಾದರೂ ಬಂದಾಗ ಶುಚಿಯಾಗಿ ಕಾಣಲೆಂದು ಮುಖ್ಯೋಪಾಧ್ಯಾಯರು ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಆ ಜೇಬು ಆ ದಿನ ಅವರ ಜೊತೆ ಚಳ್ಳಕೆರೆಗೆ ಮೀಟಿಂಗಿಗೆ ಹೋಗಿತ್ತು. ಸಂಜೆ ಬಂದಮೇಲೆ ನೋಡೋಣ ಎಂದು ಅಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು.

ಪ್ರಶ್ನೆಗಳು ಮುಗಿಯಲಿಲ್ಲ. ಎರಡು ಗಂಟೆಯಾಯಿತು, ಮೂರು ಗಂಟೆಯಾಯಿತು. ಬೇಸಿಗೆ ಎಂದು ಅಧ್ಯಕ್ಷರಿಗೆ ಮೇಲಿಂದ ಮೇಲೆ ಮಜ್ಜಿಗೆ ಕೊಡುತ್ತಿದ್ದರು, ನಡುವೆ ಎರಡು ಸಲ ಟೀ. ಸ್ವಲ್ಪ ಹೊತ್ತಿಗೆ ಅವರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಒರಗತೊಡಗಿದರು. ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಸಭೆ ನಡೆಯುತ್ತಿದ್ದದ್ದು ಶಾಲೆಯಲ್ಲೇ. ಸುತ್ತ ಬಯಲು, ಬಯಲಿನ ತುಂಬ ಸಭೆಗೆ ಬಂದ ಹೆಂಗಸರು. ಇದ್ದದ್ದು ಅದೊಂದೇ ಶೌಚಾಲಯ.

ಅಧ್ಯಕ್ಷರು ಎದ್ದರು. ಅಂಗಳದಲ್ಲಿ ಬಿದ್ದಿದ್ದ ದಪ್ಪ ಕಲ್ಲೊಂದನ್ನು ಎತ್ತಿಕೊಂಡರು. ಮೂರೇ ಏಟಿಗೆ ಬೀಗ ನೆಲಕ್ಕೆ ಬಿತ್ತು. ಮಕ್ಕಳೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಒಳಗೆ ಹೋದ ಅಧ್ಯಕ್ಷರಿಗೂ ಕೇಳಿಸಿರಬೇಕು. ಆ ಪಂಚಾಯ್ತಿಯಲ್ಲಿ ಮಕ್ಕಳ ಬೇಡಿಕೆಯೊಂದು ಅದೇ ದಿನ ಈಡೇರಿದ್ದು, ಅದೂ ಸ್ವತಃ ಅಧ್ಯಕ್ಷರ ಕೈಯಿಂದ, ಅದೇ ಮೊದಲು.

ಮೇಕೆ ತಿಂದ ಅಭಿಪ್ರಾಯ

ನಮ್ಮ ದೇಶದಲ್ಲಿ ಮಕ್ಕಳ ಸ್ಥಿತಿ ಹೇಗಿದೆ ಎಂದು ಸರ್ಕಾರ ಜಿನೀವಾದಲ್ಲಿರುವ ಸಮಿತಿಗೆ ಆಗಾಗ ವರದಿ ಕೊಡುತ್ತದೆ. ಸರ್ಕಾರ ಎಲ್ಲವೂ ಚೆನ್ನಾಗಿದೆ ಎಂದೇ ಬರೆಯುವುದರಿಂದ, ನಮ್ಮಂಥ ಸಂಸ್ಥೆಗಳು ಸೇರಿ ಇನ್ನೊಂದು ವರದಿ ಕಳಿಸುತ್ತವೆ. ಒಂದು ಸಲ ದಿಲ್ಲಿಯಿಂದ ನಮಗೆ ಹೇಳಿಕೆ ಬಂತು: ಮಕ್ಕಳೇ ಬರೆದ ಅಭಿಪ್ರಾಯ ಬೇಕು, ಅವರದೇ ಕೈಬರಹದಲ್ಲಿ.

ದೊಡ್ಡಉಳ್ಳಾರ್ತಿಯ ಕಾವಲಿಗೆ ಹೋದೆ. ಹುಲ್ಲುಗಾವಲಿನಲ್ಲಿ ಮೇಕೆ ಕಾಯುತ್ತಿದ್ದ ಮಕ್ಕಳನ್ನು ಒಂದು ಜಾಲಿಮರದ ಕೆಳಗೆ ಕೂರಿಸಿ ಹಾಳೆ, ಪೆನ್ಸಿಲ್ ಕೊಟ್ಟೆ. ಪಾಪ, ನಾಲಿಗೆ ಕಚ್ಚಿಕೊಂಡು ಬರೆದರು. ಒಬ್ಬಳು ಬರೆದಿದ್ದಳು: ನನಗೆ ಆಟ ಆಡುವ ಹಕ್ಕು ಇದೆ ಅಂತ ಮೇಡಂ ಹೇಳಿದರು, ಅದು ಮೇಕೆಗಳಿಗೆ ಗೊತ್ತಿಲ್ಲ.

ಆ ಹುಡುಗಿಯ ಅವ್ವ ಅಷ್ಟರಲ್ಲಿ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಆಟ ಆಡೋ ಹಕ್ಕು ಅಂದೋರು ನೀವೇನಾ? ಆ ಪುಸ್ತಕದಾಗೆ ಅವ್ವಂದಿರಿಗೆ ಏನೂ ಬರ್ದಿಲ್ವಾ?”

“ಇದು ಮಕ್ಕಳದ್ದಮ್ಮ.”

“ನಾ ಮಗು ಆಗಿದ್ದಾಗ ಯಾರೂ ಬರ್ಲಿಲ್ಲ ಹೇಳಾಕೆ. ಈಗ ಆಡ್ತೀನಿ. ಮೇಕೆ ನೀವು ನೋಡ್ಕಳಿ.”

ಅವ್ವ, ಮಗಳು ಇಬ್ಬರೂ ನೆಲದ ಮೇಲೆ ಚೌಕಾಬಾರದ ಮನೆ ಗೀಚಿ ಕೂತೇಬಿಟ್ಟರು. ಆ ಹೆಂಗಸಿನ ನಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವಳು ಗೆದ್ದಾಗ ಮಗಳಿಗಿಂತ ಚಿಕ್ಕವಳಂತೆ ಕಂಡಳು. ನಾನು ಕೋಲು ಹಿಡಿದು ಹದಿನಾಲ್ಕು ಮೇಕೆಗಳ ಹಿಂದೆ ಓಡುತ್ತಿದ್ದೆ. ಹದಿನೈದನೆಯದು ಎಲ್ಲಿ ಎಂದು ತಿರುಗಿ ನೋಡಿದರೆ, ಅದು ಜಾಲಿಮರದ ಕೆಳಗೆ ನಿಂತು ನನ್ನ ಚೀಲದಿಂದ ಅಭಿಪ್ರಾಯಗಳನ್ನು ಒಂದೊಂದಾಗಿ ತೆಗೆದು ತಿನ್ನುತ್ತಿತ್ತು.

ಜಿನೀವಾಕ್ಕೆ ಹೋಗಬೇಕಿದ್ದ ಕಾಗದಗಳು! ವರದಿ ಸೇರಿಸುತ್ತಿದ್ದ ದಿಲ್ಲಿಯ ಮೇಡಂಗೆ ಫೋನು ಮಾಡಿ, ಕ್ಷಮೆ ಕೇಳಿ, ನಡೆದದ್ದು ನಡೆದ ಹಾಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೇಳಿದರು, ಮೇಕೆಯ ವಯಸ್ಸೆಷ್ಟು? ಎರಡು ವರ್ಷವಿರಬಹುದು ಎಂದೆ. “ಹಾಗಾದರೆ ನಾವೇನೂ ಮಾಡುವಂತಿಲ್ಲ. ಹದಿನೆಂಟರೊಳಗಿದೆ” ಎಂದರು.

ದೇವಿಯ ವಯಸ್ಸು

ಬಾಲ್ಯವಿವಾಹ ತಡೆಯುವುದಕ್ಕೆ ಪೊಲೀಸರಿಗಿಂತ ಮುಂಚೆ ಮದುವೆಗೆ ಬೇಕಾದವರನ್ನು ಹಿಡಿಯಬೇಕು. ಪುರೋಹಿತರು, ಅಡುಗೆಯವರು, ಶಾಮಿಯಾನದವರು, ವಾಲಗದವರು, ಲಗ್ನಪತ್ರಿಕೆ ಅಚ್ಚು ಹಾಕುವವರು. ಇವರನ್ನೆಲ್ಲ ಚಳ್ಳಕೆರೆಯಲ್ಲಿ ಸೇರಿಸಿ, ವಧು ವರರ ವಯಸ್ಸಿನ ದಾಖಲೆ ನೋಡದೆ ಕೆಲಸ ಒಪ್ಪಬೇಡಿ ಎಂದು ಕೈ ಮುಗಿದು ಕೇಳಿಕೊಂಡೆವು. ಎಲ್ಲರೂ ಆಗಲಿ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ನಮ್ಮೂರಿನ ಒಬ್ಬ ಪ್ರೆಸ್ಸಿನ ಯಜಮಾನರು. ವಿಭೂತಿ ಹಚ್ಚಿದ ಹಣೆ, ಮೂಗಿನ ತುದಿಯಲ್ಲಿ ಕನ್ನಡಕ, ಸ್ವಂತ ಅಳಿಯನಿಗೂ ಒಂದು ಅಕ್ಷರ ಬಿಟ್ಟುಕೊಡದ ಮನುಷ್ಯ.

ಒಂದು ದಿನ ಅವರಿಂದ ಫೋನು. “ಮೇಡಂ, ಇಲ್ಲೊಂದು ತಂಟೆ ಆಗೈತೆ, ಬರ್ರಿ.”

ಹೋದೆ. ಅಲ್ಲಿ ದೇವಸ್ಥಾನದ ಸಮಿತಿಯ ನಾಲ್ಕು ಜನ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು. ಶಿವ ಪಾರ್ವತಿಯರ ಕಲ್ಯಾಣೋತ್ಸವದ ಆಹ್ವಾನಪತ್ರಿಕೆ ಮಾಡಿಸಲು ಬಂದವರು. ಯಜಮಾನರು ದಾಖಲೆ ಕೇಳಿದ್ದಾರೆ.

“ಪಾರ್ವತಮ್ಮನೋರಿಗೆ ಎಲ್ಲಿಂದ ತರೋದ್ರಿ ಜನನ ಪತ್ರ?” ಸಮಿತಿಯ ಹಿರಿಯರು ನನ್ನ ಮೇಲೇ ಹಾರಿದರು.

“ನಾನೇನೂ ದೇವ್ರ ವಿರೋಧಿ ಅಲ್ರಿ,” ಯಜಮಾನರು ಶಾಂತವಾಗಿ ಹೇಳಿದರು. “ಆದ್ರೆ ಮೇಡಂ ಮೀಟಿಂಗ್‌ನಾಗೆ ಯಾರಿಗೂ ವಿನಾಯ್ತಿ ಇಲ್ಲ ಅಂದಾರೆ. ದೊಡ್ಡ ಮನೆತನ ಅಂತ ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ.”

“ದೇವರಿಗೆ ಬೇಡ ಯಜಮಾನ್ರೆ” ಎಂದೆ.

“ಹಂಗಂತ ಬರವಣಿಗೆಯಾಗೆ ಕೊಡ್ರಿ.”

ಬೇರೆ ದಾರಿಯಿಲ್ಲದೆ ಅಲ್ಲೇ ಕೂತು ಬರೆದುಕೊಟ್ಟೆ. ಶ್ರೀ ಪಾರ್ವತಿ ದೇವಿಯವರು ಜಗತ್ತು ಹುಟ್ಟುವ ಮುಂಚಿನಿಂದಲೂ ಇರುವವರಾದ್ದರಿಂದ ಹದಿನೆಂಟು ವರ್ಷ ದಾಟಿದ್ದಾರೆಂದು ದೃಢೀಕರಿಸಲಾಗಿದೆ. ಕೆಳಗೆ ನನ್ನ ಸಹಿ, ಸಂಸ್ಥೆಯ ಮೊಹರು. ಯಜಮಾನರು ಓದಿ, ಫೈಲಿಗೆ ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ವರನದ್ದು?”

ಸಮಿತಿಯವರು ಹೋದ ಮೇಲೆ, ಇಷ್ಟು ಬಿಗಿ ಯಾಕೆ ಯಜಮಾನ್ರೆ ಎಂದು ನಗುತ್ತಲೇ ಕೇಳಿದೆ. ಅವರು ನಗಲಿಲ್ಲ. ಅವರ ತಂಗಿಯ ಮದುವೆ ಹದಿನಾಲ್ಕಕ್ಕೇ ಆಗಿತ್ತಂತೆ. ಪತ್ರಿಕೆ ಅಚ್ಚಾದದ್ದು ಇದೇ ಪ್ರೆಸ್ಸಿನಲ್ಲಿ. ಆಗ ಸೀಸದ ಮೊಳೆಗಳನ್ನು ಅಕ್ಷರಕ್ಕೊಂದರಂತೆ ಕೈಯಲ್ಲಿ ಜೋಡಿಸುವ ಕಾಲ. “ಅವಳ ಹೆಸರಿನ ಅಕ್ಷರ ಜೋಡಿಸಿದ್ದು ನಾನೇ ಮೇಡಂ. ಜೋಡಿಸೋವಾಗ ಅವಳು ಪಕ್ಕದಾಗೆ ಕುಂತು ಕುಂಟೆಬಿಲ್ಲೆಗೆ ಅಂತ ಒಂದು ಹಳೇ ಮೊಳೆ ಕೊಡು ಅಂತಿದ್ಲು” ಎಂದರು. ಆಮೇಲೆ ನಾನು ಅವರನ್ನು ಯಾವತ್ತೂ ಆ ವಿಷಯಕ್ಕೆ ಚುಡಾಯಿಸಲಿಲ್ಲ. ವರನ ದಾಖಲೆಯನ್ನೂ ಬರೆದುಕೊಟ್ಟೇ ಬಂದೆ.

ಗಂಟಿನ ಲೆಕ್ಕ

ಈಗ ಹುಡುಗಿಯ ಮನೆಗೆ ಬಂದೆವು. ಬೀಗ ಒಡೆಸಿದ ಆ ಎರಡು ಜಡೆಯ ಹುಡುಗಿ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಕೂತಿದ್ದಳು. ಒಂದು ಬೆಳಿಗ್ಗೆ ಪಂಚಾಯ್ತಿ ಅಧ್ಯಕ್ಷರಿಗೆ ಒಂದು ಅರ್ಜಿ ಬಂತು, ನನಗೊಂದು ನಕಲು. ಗುಂಡಗಿನ ಅಕ್ಷರ. ‘ನನಗೆ ಹದಿನೆಂಟು ತುಂಬಿಲ್ಲ. ನನ್ನ ಮದುವೆ ಗೊತ್ತು ಮಾಡಿದ್ದಾರೆ. ನಾನು ಕಾಲೇಜಿಗೆ ಹೋಗಬೇಕು. ದಯವಿಟ್ಟು ಪರಿಶೀಲಿಸುತ್ತೀವಿ ಅನ್ನಬೇಡಿ.’

ಅಧ್ಯಕ್ಷರು ಈ ಸಲ ಅನ್ನಲಿಲ್ಲ. ಮರುದಿನವೇ ಅವರು, ಮುಖ್ಯೋಪಾಧ್ಯಾಯರು, ಅಂಗನವಾಡಿಯ ಟೀಚರು, ನಾನು, ನಾಲ್ಕೂ ಜನ ಆ ಮನೆಯ ಪಡಸಾಲೆಯಲ್ಲಿ ಕೂತೆವು. ಒಳಗೆ ಎರಡು ಮಗ್ಗ. ಹುಡುಗಿಯ ಅಪ್ಪ ಮಗ್ಗದ ಕೆಳಗಿನ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಏಳಲೂ ಇಲ್ಲ, ಮಾತಾಡಲೂ ಇಲ್ಲ. ಆ ಮನೆಯಲ್ಲಿ ಮಾತೆಲ್ಲ ಅವರ ತಾಯಿಯದು. ಅವರದು ತೆಲುಗು ಮಾತಾಡುವ ಮನೆ, ಅಪ್ಪನ ತಾಯಿಗೆ ಜೇಜಿ ಅನ್ನುತ್ತಾರೆ. ಊರಿಗೆಲ್ಲ ಆಕೆ ಜೇಜಿಯೇ. ರಾಯದುರ್ಗದ ಕಡೆಯ ತನ್ನ ಅಣ್ಣನ ಮೊಮ್ಮಗನಿಗೆ ಈ ಹುಡುಗಿಯನ್ನು ಕೊಡುವುದೆಂದು ಜೇಜಿ ಮಾತು ಕೊಟ್ಟಾಗಿತ್ತು.

“ಹದಿನೆಂಟು ತುಂಬೈತೆ,” ಜೇಜಿ ಕಡ್ಡಿ ಮುರಿದಂತೆ ಹೇಳಿದರು.

ಮುಖ್ಯೋಪಾಧ್ಯಾಯರು ಶಾಲೆಯ ದಾಖಲೆ ತೆಗೆದರು. ಹದಿನೈದು ವರ್ಷ ಹತ್ತು ತಿಂಗಳು.

“ಅದು ಸುಳ್ಳು. ಸೇರಿಸಾಕೆ ಹೋದಾಗ ಮಾಸ್ತರು ತಮಗೆ ತೋಚಿದ್ದು ಬರ್ಕಂಡ್ರು. ಕಾಗದ ಸುಳ್ಳು ಹೇಳ್ತೈತೆ. ಮಗ್ಗ ಹೇಳಲ್ಲ.”

ಮುಖ್ಯೋಪಾಧ್ಯಾಯರು ದಾಖಲೆಯನ್ನು ಮೆಲ್ಲಗೆ ಮಡಿಚಿಟ್ಟರು. ಯಾಕೆಂದರೆ ಶಾಲೆಯವರು ತೋಚಿದ ತಾರೀಕು ಬರೆದುಕೊಳ್ಳುತ್ತಿದ್ದದ್ದು ಸುಳ್ಳೇನಲ್ಲ. ಹುಡುಗಿ ಹುಟ್ಟಿದ್ದು ಮನೆಯಲ್ಲಿ, ಜನನ ಪತ್ರ ಇರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಅವಳು ನನ್ನನ್ನೇ ನೋಡುತ್ತಿದ್ದಳು. ಜಿನೀವಾದ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಆ ಹೊತ್ತಿನಲ್ಲಿ ಅದರಿಂದ ಏನೂ ಆಗುವಂತಿರಲಿಲ್ಲ.

ಜೇಜಿ ಎದ್ದು ಗೂಟಕ್ಕೆ ನೇತುಹಾಕಿದ್ದ ಒಂದು ಹುರಿಯನ್ನು ತಂದರು. ಉದ್ದಕ್ಕೂ ಗಂಟು. ಮಗ್ಗಕ್ಕೆ ಒಂದು ಸಲ ನೂಲಿನ ಹಾಸು ಏರಿಸಿದರೆ, ಅದರಲ್ಲಿ ಬರುವ ಸೀರೆಗಳೆಲ್ಲ ಮುಗಿದು ಹಾಸು ಇಳಿಯುವಾಗ ಒಂದು ಗಂಟು. ಇಷ್ಟು ಗಂಟಿಗೆ ಒಂದು ವರ್ಷ. ಮೊಮ್ಮಗಳು ಹುಟ್ಟಿದ ದಿನದಿಂದ ಒಂದು ಗಂಟನ್ನೂ ತಪ್ಪಿಸಿಲ್ಲ. ನಮ್ಮೆದುರೇ ಬೆರಳು ಸರಿಸುತ್ತ ಎಣಿಸಿದರು. ಸರಿಯಾಗಿ ಹದಿನೆಂಟು ವರ್ಷ!

“ಇದು ಹುರಿ ಜೇಜಿ, ಇದನ್ನ ಕೋರ್ಟು ಒಪ್ಪಲ್ಲ” ಎಂದರು ಅಧ್ಯಕ್ಷರು.

“ಹುರಿ ಬ್ಯಾಡ್ವಾ? ಇರು.” ಜೇಜಿ ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀರೆ ತಂದು ನಮ್ಮ ಮುಂದೆ ಹಾಸಿದರು. ಗಿಣಿಹಸಿರು ಒಡಲು, ಕುಂಕುಮ ಬಣ್ಣದ ದೊಡ್ಡ ಅಂಚು. ಅಂಗನವಾಡಿ ಟೀಚರು ಬಂದ ಕೆಲಸ ಮರೆತು ಸೆರಗು ಸವರತೊಡಗಿದರು. ಹೆಣ್ಣುಮಗು ಹುಟ್ಟಿದ ದಿನ ಮಗ್ಗದಿಂದ ಇಳಿದ ಸೀರೆಯನ್ನು ಆ ಮನೆಯವರು ಮಾರುವುದಿಲ್ಲ, ಅವಳ ಧಾರೆಗೆಂದು ಎತ್ತಿಡುತ್ತಾರೆ.

“ಇವಳು ಅತ್ತ ದನಿ ಕೇಳಿದಾಗ ನಾನು ಈ ಸೀರೆ ಇಳಿಸ್ತಿದ್ದೆ. ಮರುದಿನಾನೇ ನೇಕಾರ್ರ ಸೊಸೈಟಿಗೆ ಒಯ್ದು ತಾರೀಕಿನ ಮುದ್ರೆ ಹಾಕ್ಸೀನಿ. ನೋಡು, ಒಳತುದಿಯಾಗೆ ಐತೆ. ಶಾಲೆ ನಂಬಬ್ಯಾಡ, ನನ್ನೂ ನಂಬಬ್ಯಾಡ. ಇದನ್ನ ನಂಬು.”

ಅಧ್ಯಕ್ಷರು ಐದು ವರ್ಷದಲ್ಲಿ ಜಾಣರಾಗಿದ್ದರು. ಮುದ್ರೆಯ ಕಡೆ ನೋಡಲೇ ಇಲ್ಲ. ನಡಾವಳಿ ಪುಸ್ತಕ ಬಿಚ್ಚಿ, ‘ಸೀರೆಯ ಮೇಲಿನ ತಾರೀಕೇ ಹುಡುಗಿ ಹುಟ್ಟಿದ ದಿನಕ್ಕೆ ಸಾಕ್ಷಿ ಎಂದು ಮನೆಯ ಹಿರಿಯರು ಒಪ್ಪಿದ್ದಾರೆ’ ಎಂದು ಬರೆದು, ಜೇಜಿಯ ಹೆಬ್ಬೆಟ್ಟು ಒತ್ತಿಸಿದರು. ಜೇಜಿ ಮಹಾರಾಣಿಯ ಹಾಗೆ ಒತ್ತಿದರು.

“ಈಗ ಓದು” ಎಂದು ಮೊಮ್ಮಗಳನ್ನು ಕರೆದರು.

ಹುಡುಗಿ ಬಂದು ಸೀರೆಯ ತುದಿ ಹಿಡಿದು ಓದಿದಳು. ದಿನ, ತಿಂಗಳು, ವರ್ಷ. ಮುಖ್ಯೋಪಾಧ್ಯಾಯರು ಬೆರಳು ಮಡಿಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

“ಹದಿನೈದು ವರ್ಷ ನಾಲ್ಕು ತಿಂಗಳು,” ಅಂದರು. “ನಮ್ಮ ಶಾಲೆ ಆರು ತಿಂಗಳು ಜಾಸ್ತಿ ಬರ್ದೈತೆ ಜೇಜಿ. ನಿಮ್ಮ ಸೀರೆ ಪ್ರಕಾರ ಇನ್ನೂ ಚಿಕ್ಕೋಳು!”

ಜೇಜಿ ಹುರಿಯನ್ನು ನೋಡಿದರು, ಸೀರೆಯನ್ನು ನೋಡಿದರು. ಆಕೆ ಸುಳ್ಳು ಹೇಳುವವರಲ್ಲ, ಅದು ನಮಗೆಲ್ಲ ಗೊತ್ತಿತ್ತು. ಎಲ್ಲಿ ತಪ್ಪಿತು ಎಂಬುದು ಯಾರಿಗೂ ಹೊಳೆಯಲಿಲ್ಲ. ಹುಡುಗಿಯೇ ಮೆಲ್ಲಗೆ ಕೇಳಿದಳು:

“ಜೇಜಿ, ನಾನು ಏಳನೇ ಕ್ಲಾಸಿನಾಗೆ ಇದ್ದಾಗ ಎರಡನೇ ಮಗ್ಗ ಹಾಕಿದ್ವಲ್ಲ. ಆಮೇಲೆ ಎರಡರದ್ದೂ ಗಂಟು ಹಾಕ್ದೆಯಾ?”

“ಹಾಕ್ದೆ. ಯಾವ ಮಗ್ಗದ್ದಾದ್ರೂ ಹಾಸು ಹಾಸೇ ಅಲ್ವಾ?”

ಅಷ್ಟೇ! ಎರಡನೇ ಮಗ್ಗ ಬಂದಂದಿನಿಂದ ಆ ಹುಡುಗಿ ವರ್ಷಕ್ಕೆ ಎರಡೆರಡು ವರ್ಷ ಬೆಳೆದುಬಿಟ್ಟಿದ್ದಳು.

ಮೊದಲು ನಕ್ಕವರು ಗುಣಿಯಲ್ಲಿ ಕೂತಿದ್ದ ಅಪ್ಪ. ಅವರು ನಕ್ಕಿದ್ದನ್ನು ನೋಡಿ ನಾವೆಲ್ಲ ನಕ್ಕೆವು. ಜೇಜಿ ಮಗನ ಮೇಲೆ ರೇಗಿದರು. “ಎಂಥಾ ಸೀರೆ ನೇಯ್ದಿಯೋ, ಮನೆ ಮಾತನ್ನೇ ಕೆಡಿಸ್ತು!”

“ಅಮ್ಮಾ, ನೇಯ್ದಿದ್ದು ಮಾತ್ರ ನಾನು,” ಆ ದಿನ ಅವರು ಆಡಿದ ಒಂದೇ ಮಾತು. “ಮುದ್ರೆ ಹಾಕ್ಸಿದ್ದು ನೀನು.”

ತಮ್ಮ ಕೈಯಾರೆ ಇಳಿಸಿದ ಸೀರೆಯ ಮಾತನ್ನು ಆಕೆ ಅಲ್ಲಗಳೆಯುವವರಲ್ಲ. ಸೀರೆಯನ್ನು ಮಡಿಚಿ ಎದ್ದರು. “ಅಣ್ಣನಿಗೆ ನಾನೇ ಹೇಳ್ತೀನಿ. ಓದ್ಲಿ ಬಿಡು. ಮನೇಲಿ ಕುಂತ್ರೆ ಗಂಟು ಜಾಸ್ತಿ ಆಗ್ತಾವೆ.”

ಬಾಗಿಲ ಹತ್ತಿರ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ ಚಳ್ಳಕೆರೆಯವರೆಗೆ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಬಂದೆ. 

ಹತ್ತು ವರ್ಷ ತಡವಾದ ಪತ್ರಿಕೆ

ಆ ಹುಡುಗಿ ಪಿಯುಸಿ ಓದಿದಳು, ಡಿಗ್ರಿ ಓದಿದಳು, ಪರೀಕ್ಷೆ ಬರೆದು ಈಗ ಒಂದು ಗ್ರಾಮ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ. ಹೋದ ವಾರ ಅಪ್ಪನನ್ನೂ ಜೇಜಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಪತ್ರಿಕೆ ಕೊಡಲು ಬಂದಳು. ವರ ಅವಳೇ ಒಪ್ಪಿದವನು, ಹೈಸ್ಕೂಲು ಮೇಷ್ಟ್ರು. ದೇವಿಗೂ ದಾಖಲೆ ಕೇಳಿದ್ದ ಯಜಮಾನರ ಪ್ರೆಸ್ಸಿನಲ್ಲೇ ಅಚ್ಚಾದ ಪತ್ರಿಕೆ. ಇಪ್ಪತ್ತೈದು ವರ್ಷದ ಸರ್ಕಾರಿ ಅಧಿಕಾರಿಯ ಹತ್ತಿರವೂ ಆ ಮನುಷ್ಯ ದಾಖಲೆ ಕೇಳಿದ್ದರಂತೆ. ದಾಖಲೆ ನೋಡಿ, ಮೊದಲ ಪ್ರತಿಯನ್ನು ಅವಳ ಕೈಗೆ ಕೊಟ್ಟು, ಕನ್ನಡಕ ತೆಗೆದು ಒರೆಸಿಕೊಂಡರಂತೆ.

“ಮೊನ್ನೆ ಮಕ್ಕಳ ಗ್ರಾಮಸಭೆ ಇತ್ತು ಮೇಡಂ,” ಎಂದಳು ಅವಳು. “ಒಬ್ಬ ಹುಡುಗ ಎದ್ದು ನಿಂತು ನನ್ನನ್ನೇ ತರಾಟೆಗೆ ತಗಂಡ. ‘ಪರಿಶೀಲಿಸ್ತೀವಿ’ ಅಂತ ಬಾಯಿಗೆ ಬಂದೇಬಿಡ್ತು. ನುಂಗ್ಕಂಡೆ.”

ಜೇಜಿ ಈಗ ಬಹಳ ಬಗ್ಗಿದ್ದಾರೆ, ಬಾಯಿ ಮಾತ್ರ ಹಾಗೇ ಇದೆ. ನಿಶ್ಚಿತಾರ್ಥದ ದಿನ ವರನಿಗೇ ದಾಖಲೆ ಕೇಳಿದರಂತೆ. ಇಪ್ಪತ್ತೊಂಬತ್ತರ ಹುಡುಗ, ನೆತ್ತಿಯ ಮೇಲೆ ಆಗಲೇ ಕೂದಲು ಕಮ್ಮಿ. ತಲೆ ನೋಡಿದರೆ ತಿಳಿಯುವುದಿಲ್ಲವೇ ಎಂದು ಬೀಗರು ನಕ್ಕರೆ, “ತಲೆ ನೋಡಿ ಬಿಡಬಾರ್ದು, ಚಳ್ಳಕೆರೆ ಮೇಡಂ ಒಪ್ಪಲ್ಲ” ಎಂದರಂತೆ. ಪಾಪ, ಆತ ಶಾಲೆಯ ದಾಖಲೆ ತಂದು ತೋರಿಸಿದ ಮೇಲೇ ತಾಂಬೂಲ.

ಗಿಣಿಹಸಿರು ಸೀರೆ ಧಾರೆಗೆ ಸಿದ್ಧವಾಗಿದೆಯಂತೆ. ಒಳತುದಿಯ ಮುದ್ರೆಯನ್ನು ಅಳಿಸಬಾರದು, ಅದು ತನ್ನ ಜನನ ಪತ್ರ ಎಂದು ಹುಡುಗಿ ಹೇಳಿದ್ದಾಳೆ. ನಾನು ಕುಂಕುಮ ತರುವ ನೆಪ ಮಾಡಿ ದೇವರ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಹೊರಡುವಾಗ ಅಪ್ಪ, ಮಗಳು ಅಂಗಳಕ್ಕೆ ಇಳಿದ ಮೇಲೆ ಜೇಜಿ ಹಿಂದೆ ಉಳಿದರು. ಆ ಕಡೆ ಈ ಕಡೆ ನೋಡಿ, ಸೆರಗಿನ ಗಂಟು ಬಿಚ್ಚಿ ಒಂದು ಉಂಡೆಯನ್ನು ನನ್ನ ಕೈಗೆ ತುರುಕಿದರು. ನೋಡಿದರೆ ಅದೇ ಹುರಿ! ಆಗಿನದಕ್ಕಿಂತ ಎರಡರಷ್ಟು ದಪ್ಪವಾಗಿತ್ತು.

“ಇನ್ನೂ ಗಂಟು ಹಾಕ್ತಿದೀರಾ ಜೇಜಿ?”

“ಕೈ ಸುಮ್ನಿರಲ್ಲಮ್ಮ. ಎರಡೂ ಮಗ್ಗದ್ದೂ ಹಾಕೀನಿ,” ಎಂದು ಪಿಸುಗುಟ್ಟಿದರು. “ಇದನ್ನ ನೀನು ಇಟ್ಕಾ, ಲಗ್ನ ಮುಗಿಯೋತನಕ ಯಾರಿಗೂ ತೋರಿಸಬ್ಯಾಡ. ಇದರ ಪ್ರಕಾರ ಅವಳಿಗೀಗ ಮೂವತ್ತೆಂಟು. ಹುಡುಗನಿಗೆ ಇಪ್ಪತ್ತೊಂಬತ್ತೇ. ಚಿಕ್ಕ ಹುಡುಗನ್ನ ಹಿಡ್ಕಂಡು ಬಂದು ಮದುವೆ ಮಾಡ್ತಾರೆ ಅಂತ ನಿಮ್ಮೋರೇ ಬಂದು ನಿಲ್ಲಿಸಿಬಿಟ್ಟಾರು!”